ಮೂರು ಅಹೋರಾತ್ರಿಗಳ ಶ್ರವಣ

ಅಹೋರಾತ್ರಿ ಭಜನೆಯೆಂದರೇನೆಂಬುದನ್ನು ನಮ್ಮ ವಾಚಕರಿಗೆ ವಿವರಿಸಬೇಕಾದುದಿಲ್ಲ. ಸೂರ್ಯೋದಯಕ್ಕೆ ದೀಪವನ್ನು ಹೊತ್ತಿಸಿದರೆ ಮರುದಿನದ ಸೂರ್ಯೋದಯದವರೆಗೆ ದೀಪವೂ ಆರಕೂಡದು, ಹಾಡೂ ನಿಲ್ಲಕೂಡದು. ಒಂದು ತಂಡದವರು ಬಳಲಿದರೆ ಇನ್ನೊಂದು ತಂಡದವರು ಬಂದು ತಾಳವನ್ನು ಕೈಗೆ ತೆಗೆದುಕೊಳ್ಳುತ್ತಾರೆ. ನಡುರಾತ್ರಿಯಲ್ಲಿ ಕೇಳುವವರು ನಾಲ್ಕೇ ಮಂದಿಯಾದರೂ, ಆ ನಾಲ್ವರಲ್ಲಿ ಇಬ್ಬರು ತೂಕಡಿಸುತ್ತಿದ್ದರೂ, ಹಾಡು ನಡೆದೇ ನಡೆಯುತ್ತದೆ. ಕೇಳುವವರ ಸಂಖ್ಯೆಯಿಂದ ಈ ವ್ರತದ ಬೆಲೆಯನ್ನು ಯಾರೂ ಕಟ್ಟುವುದಿಲ್ಲ. ಸರಣಿಯು ಕಡಿಯದೆ ಇತ್ತೇ ಎಂಬುದೊಂದೇ ಪ್ರಶ್ನೆ.

ಇದಕ್ಕೆ ಸಮಾನವಾದ ಒಂದು ವ್ರತವನ್ನು ಅಮೇರಿಕಾ ದೇಶದ ನ್ಯೂಯಾರ್ಕ್ ನಗರದ ಒಂದು ಚಿಕ್ಕ ರೇಡಿಯೋ ನಿಲಯವು ಪ್ರತಿವರ್ಷವೂ ಆಗಸ್ಟ್ ತಿಂಗಳ ಕೊನೆಯ ವಾರದಲ್ಲಿ ನಡೆಯಿಸುತ್ತ ಬಂದಿದೆ. ಆ ತಿಂಗಳ ೨೭, ೨೮, ೨೯ನೆಯ ದಿನಾಂಕಗಳಲ್ಲಿ, ಒಟ್ಟು ೭೨ ಗಂಟೆಗಳ ಕಾಲ, ಅಲ್ಲಿ ಇಬ್ಬರೇ ವಾದಕರ ಸಂಗೀತವು ಎಡೆಬಿಡದೆ ಪ್ರಸಾರವಾಗುತ್ತದೆ. ಒಬ್ಬನು ಲೆಸ್ಟರ್ ಯಂಗ್. ಹುಟ್ಟಿದ್ದು ೧೯೦೯ನೆಯ ಇಸವಿ ಆಗಸ್ಟ್ ೨೭. ಇನ್ನೊಬ್ಬನು ಚಾರ್ಲಿ ಪಾರ್ಕರ್. ಹುಟ್ಟಿದ್ದು ೧೯೨೦ನೆಯ ಇಸವಿ ಆಗಸ್ಟ್ ೨೯. ಇಬ್ಬರೂ ಸ್ಯಾಕ್ಸೋಫೋನೆಂಬ ವಾದ್ಯವನ್ನು ನುಡಿಸಿದವರು, ಜಾಜ್ ಎಂಬ ಸಂಗೀತ ಸಂಪ್ರದಾಯದಲ್ಲಿ ಆಚಾರ್ಯಸ್ಥಾನವನ್ನು ಪಡೆದವರು. ಮೊದಲನೆಯ ದಿನವು ಹಿರಿಯನಿಗೆ, ಕೊನೆಯ ದಿನವು ಕಿರಿಯನಿಗೆ, ನಡುವಿನ ದಿನವು ಇಬ್ಬರಿಗೂ ಸಲ್ಲುತ್ತದೆ. ನ್ಯೂಯಾರ್ಕಿನ ನಡುರಾತ್ರಿಯು ಆ ತಿಂಗಳಲ್ಲಿ ನಮ್ಮ ಬೆಳಗಿನ ಒಂಬತ್ತೂವರೆ ಗಂಟೆಗೆ ಸರಿಯಾಗುವುದರಿಂದಲೂ, ಈಗ ಅಂತರ್ಜಾಲದ ಮೂಲಕ ಆ ನಿಲಯದ ಪ್ರಸಾರವು ಯಾವ ಊರಿನ ಮೊಬೈಲ್ ಫೋನಿನಲ್ಲಾದರೂ ಕೇಳಿಬರುವುದರಿಂದಲೂ, ಮನೆಯ ಗಂಡಸರು ಕಚೇರಿಗೂ ಮಕ್ಕಳು ಶಾಲೆಗೂ ಹೊರಟ ಮೇಲೆ ಉಳಿಯುವ ಬಿಡುವಿನಲ್ಲಿ ನಾವೂ ಈ ವ್ರತದಲ್ಲಿ ಭಾಗಿಗಳಾಗಬಹುದು. ಭಾಗಿಗಳಾಗುವುದರಿಂದ ಏನು ಪ್ರಯೋಜನ ಎಂಬುದೇ ಈ ತಿಂಗಳ ನಮ್ಮ ವಿಚಾರ.

ಆ ನಿಲಯದ ಹೆಸರು ಡಬ್ಲ್ಯು.ಕೆ.ಸಿ.ಆರ್. ಅದು ಕೊಲಂಬಿಯಾ ವಿಶ್ವವಿದ್ಯಾನಿಲಯಕ್ಕೆ ಸೇರಿದ್ದು, ೧೯೪೧ರಲ್ಲಿ ಪ್ರಾರಂಭವಾಯಿತು. ಅದನ್ನು ನಡೆಯಿಸತಕ್ಕವರು ವಿದ್ಯಾರ್ಥಿಗಳು. ಅದರಲ್ಲಿ ವ್ಯಾಪಾರಿಗಳ ಜಾಹೀರಾತುಗಳಿಲ್ಲ. ಸೋಪಿನ ಗುಣವರ್ಣನೆಗಾಗಿ ಸಂಗೀತವನ್ನು ನಡುವೆ ಕತ್ತರಿಸುವ ಪದ್ಧತಿ ಅಲ್ಲಿ ಇಲ್ಲವಾದುದರಿಂದಲೇ ಮೂರು ದಿನಗಳ ಅಖಂಡ ಪ್ರಸಾರವು ಸಾಧ್ಯವಾಗಿದೆ. ಇಂದು ನಾವು ಎಫ್.ಎಂ. ಎಂದು ಕರೆಯುವ ಪ್ರಸಾರ ಕ್ರಮವನ್ನು ಕಂಡುಹಿಡಿದ ಎಡ್ವಿನ್ ಆರ್ಮ್‌ಸ್ಟ್ರಾಂಗನು ಅದೇ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕನು. ಗುಡುಗು ಸಿಡಿಲುಗಳ ಕಾಲದಲ್ಲಿ ರೇಡಿಯೋವಿನಲ್ಲಿ ಕೇಳಿಬರುತ್ತಿದ್ದ ಕರಕರ ಶಬ್ದವನ್ನು ನಿವಾರಿಸುವ ಉಪಾಯಕ್ಕಾಗಿ ಆತನು ವರ್ಷಗಟ್ಟಲೆ ಶ್ರಮಿಸಿದ್ದು ತತ್ತ್ವಶಾಸ್ತ್ರದ ಹೆಸರನ್ನು ಹೊತ್ತ ಒಂದು ಕಟ್ಟಡದ ನೆಲಮಾಳಿಗೆಯಲ್ಲಿ. ೧೯೩೩ರಲ್ಲಿ ಹಕ್ಕುಪತ್ರಗಳು ದೊರೆತವು. ಆದರೆ ಆ ಹಕ್ಕಿಗಾಗಿ ಬಲಿಷ್ಠರಾದ ಉದ್ಯಮಿಗಳೊಡನೆ ವ್ಯಾಜ್ಯವಾಡಿ ಬಳಲಿ ೧೯೫೪ರಲ್ಲಿ ಆತನು ಪ್ರಾಣತ್ಯಾಗ ಮಾಡಿಕೊಂಡನು. ಆತನ ಪತ್ನಿಯು ಧೈರ್ಯಗೆಡದೆ ವ್ಯಾಜ್ಯಗಳನ್ನು ಮುಂದುವರಿಸಿ ೧೯೬೭ರ ಹೊತ್ತಿಗೆ ಅವೆಲ್ಲವನ್ನೂ ಗೆದ್ದಳೆಂಬುದನ್ನು ನಮ್ಮ ಸ್ತ್ರೀ ವಾಚಕರು ಗಮನಿಸಬೇಕು.

ವಿಶ್ವವಿದ್ಯಾನಿಲಯದ ಅಂಗಳದಲ್ಲಿ ರೇಡಿಯೋ ಹುಟ್ಟುವುದು ನಮಗೆ ಹೊಸತಲ್ಲ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು ೧೯೩೫ರ ಸೆಪ್ಟೆಂಬರ್ ತಿಂಗಳಲ್ಲಿ ತಮ್ಮ ಸ್ವಂತ ಮನೆಯಲ್ಲಿಯೇ ಒಂದು ಪ್ರಸಾರ ಯಂತ್ರವನ್ನಿಟ್ಟು ನಿಲಯವನ್ನು ಆರಂಭಿಸಿದರು. ಆಕಾಶವಾಣಿ ಎಂಬ ಹೆಸರು ಅಲ್ಲಿಂದ ಹೊರಟು ಮುಂದೆ ಇಡೀ ಭಾರತದ ಪ್ರಸಾರ ಸಂಸ್ಥೆಯ ಹೆಸರಾಯಿತು. ಲಾಭವನ್ನು ನೋಡದೆ, ಕೇಳುವವರ ತಲೆಯೆಣಿಕೆಯನ್ನು ಮಾಡದೆ, ಒಳ್ಳೆಯದೆಂದು ತಾವು ತಿಳಿದುದನ್ನು ನಾಲ್ವರ ಕಿವಿಗೆ ಮುಟ್ಟಿಸಬೇಕೆಂಬ ಅಧ್ಯಾಪಕ ಸಹಜವಾದ ಹಂಬಲವೇ ಈ ಎರಡು ಕಡೆಗಳಲ್ಲಿಯೂ ಮೂಲ.

ಇನ್ನು ಜಾಜ್ ಎಂದರೇನು? ಅದು ಗದ್ದಲವೆಂದೂ, ಹೋಟೆಲುಗಳಲ್ಲಿ ಕುಣಿಯುವವರಿಗೆ ಬೇಕಾದ ಸದ್ದೆಂದೂ ನಮ್ಮಲ್ಲಿ ಅನೇಕರ ಅಭಿಪ್ರಾಯ. ಯಾವ ಭಾಷೆಯೂ ಅರಿಯದವನಿಗೆ ಗದ್ದಲವೇ. ವೇದಘೋಷವನ್ನು ಮೊದಲ ಸಲ ಕೇಳಿದ ಪರದೇಶದವನಿಗೂ ಅದು ಹಾಗೆಯೇ ತೋರಿರಬಹುದು. ಆಫ್ರಿಕಾ ಖಂಡದಿಂದ ಸಂಕೋಲೆ ಹಾಕಿ ತಂದು ದಾಸ್ಯದಲ್ಲಿ ದುಡಿಸಿಕೊಂಡ ಜನರ ಸಂತತಿಯವರು ಅಮೇರಿಕದ ದಕ್ಷಿಣ ಭಾಗದಲ್ಲಿ, ಮುಖ್ಯವಾಗಿ ನ್ಯೂ ಆರ್ಲಿಯನ್ಸ್ ಎಂಬ ರೇವುಪಟ್ಟಣದಲ್ಲಿ, ಇಪ್ಪತ್ತನೆಯ ಶತಮಾನದ ಆರಂಭದ ಹೊತ್ತಿಗೆ ಇದನ್ನು ರೂಪಿಸಿದರು. ಅದರ ಬೇರುಗಳಲ್ಲಿ ಒಂದಾದ ಬ್ಲೂಸ್ ಎಂಬ ಹಾಡಿನ ಜಾತಿಯು ಮೂರು ಸಾಲಿನದು. ಮೊದಲನೆಯ ಸಾಲನ್ನು ಎರಡು ಸಲ ಹೇಳಿ, ಮೂರನೆಯದರಲ್ಲಿ ಅದಕ್ಕೆ ಉತ್ತರ ಕೊಡುವುದು ಅದರ ಕ್ರಮ. ಬೀಸುಕಲ್ಲಿನ ಮುಂದೆ ಕುಳಿತು ನಮ್ಮ ಹೆಣ್ಣುಮಕ್ಕಳು ಹಾಡಿದ ತ್ರಿಪದಿಗಳೂ ಮೂರು ಸಾಲಿನವೇ. ಎರಡಕ್ಕೂ ಪರಸ್ಪರ ಸಂಬಂಧವಿದೆಯೆಂದು ನಾನು ಹೇಳುತ್ತಿಲ್ಲ. ಕೈಗೆ ದುಡಿಮೆಯೂ ಮನಸ್ಸಿಗೆ ಭಾರವೂ ಇದ್ದಾಗ ಮನುಷ್ಯನಿಗೆ ಮೂರು ಸಾಲು ಸಾಕಾಗುತ್ತದೆ ಎಂಬಷ್ಟೇ ಮಾತು.

ಈ ಸಂಗೀತದ ಜೀವವಿರುವುದು ನಮ್ಮ ವಿದ್ವಾಂಸರು ಮನೋಧರ್ಮ ಎನ್ನುವ ಗುಣದಲ್ಲಿ. ಕೃತಿಯನ್ನು ಪಾಠದಂತೆ ಒಪ್ಪಿಸಿ, ಅನಂತರ ನೆರವಲು ಕಲ್ಪನಾಸ್ವರಗಳಲ್ಲಿ ಗಾಯಕನು ತನ್ನ ಪ್ರತಿಭೆಯನ್ನು ತೋರುವಂತೆ, ಇಲ್ಲಿಯೂ ಪರಿಚಿತವಾದ ಒಂದು ಹಾಡನ್ನು ಮೊದಲು ಎಲ್ಲರೂ ಕೂಡಿ ನುಡಿಸುತ್ತಾರೆ. ಬಳಿಕ ಒಬ್ಬೊಬ್ಬನೂ ಸರದಿಯ ಪ್ರಕಾರ ಅದರ ಮೇಲೆ ಆಗಲೇ ಹೊಳೆದುದನ್ನು ನುಡಿಸುತ್ತಾನೆ. ಭೇದವೂ ಉಂಟು. ನಮ್ಮಲ್ಲಿ ರಾಗವು ಎಲ್ಲೆ. ಅವರಲ್ಲಿ ಎಲ್ಲೆಯಾಗಿರುವುದು ಏಕಕಾಲಕ್ಕೆ ನುಡಿಯುವ ಸ್ವರಗಳ ಗೊಂಚಲುಗಳು ಒಂದಾದ ಮೇಲೊಂದರಂತೆ ಬರುವ ಗೊತ್ತಾದ ಅನುಕ್ರಮ. ಬ್ಲೂಸಿನಲ್ಲಿ ನಾಲ್ಕು ನಾಲ್ಕು ಎಣಿಕೆಯ ೧೨ ಖಂಡಗಳು, ಅಂದರೆ ೪೮ ಎಣಿಕೆಗಳಿಗೆ ಒಂದು ಆವರ್ತ. ಸಾಮಾನ್ಯ ಹಾಡುಗಳಲ್ಲಿ ೩೨ ಖಂಡಗಳು, ಅಂದರೆ ೧೨೮ ಎಣಿಕೆಗಳು. ನಮ್ಮ ಆದಿತಾಳವು ೮ ಎಣಿಕೆಗೆ ಮರಳಿ ಬರುತ್ತದೆಂಬುದನ್ನು ನೆನೆದರೆ, ಅಷ್ಟು ದೀರ್ಘವಾದ ಆವರ್ತವನ್ನು ಮನಸ್ಸಿನಲ್ಲಿ ಧರಿಸಿಕೊಂಡು, ಕೈಯಲ್ಲಿ ತಾಳ ಹಾಕದೆ, ಆ ಕ್ಷಣದಲ್ಲಿಯೇ ರಚಿಸುವುದಕ್ಕೆ ಎಂಥ ಅಭ್ಯಾಸ ಬೇಕೆಂಬುದು ತಿಳಿದೀತು. ಗದ್ದಲವೆಬ್ಬಿಸುವುದಕ್ಕೆ ಇಷ್ಟು ಲೆಕ್ಕ ಬೇಕಾಗಿಲ್ಲ.

ಈಗ ಮೊದಲನೆಯ ದಿನದ ನಾಯಕನ ವಿಚಾರ. ಲೆಸ್ಟರ್ ಯಂಗನು ಮಿಸಿಸಿಪಿ ಸಂಸ್ಥಾನದ ವುಡ್‌ವಿಲ್ ಎಂಬಲ್ಲಿ ಜನಿಸಿದನು. ಆ ಕಾಲಕ್ಕೆ ದೊಡ್ಡ ಸ್ಯಾಕ್ಸೋಫೋನಿನ ಮಾರ್ಗವನ್ನು ಹಾಕಿದ್ದವನು ಕೋಲ್‌ಮನ್ ಹಾಕಿನ್ಸ್. ಆತನ ನಾದವು ಘನವಾದದ್ದು, ತುಂಬಿ ಹರಿಯುವಂಥದು. ೧೯೩೪ರಲ್ಲಿ ಹಾಕಿನ್ಸನು ಬಿಟ್ಟುಹೋದ ಸ್ಥಾನಕ್ಕೆ ಫ್ಲೆಚರ್ ಹೆಂಡರ್ಸನ್ ಎಂಬ ವಾದ್ಯಗೋಷ್ಠಿಯ ನಾಯಕನು ಯಂಗನನ್ನು ಕರೆಯಿಸಿಕೊಂಡನು. ಯಂಗನ ನಾದವಾದರೋ ತೆಳುವಾದದ್ದು, ಹಗುರವಾದದ್ದು. ಸಹವಾದಕರಿಗೆ ಅದು ಒಪ್ಪಿಗೆಯಾಗಲಿಲ್ಲ. ಹೆಂಡರ್ಸನನ ಪತ್ನಿಯು ಪ್ರತಿದಿನ ಬೆಳಿಗ್ಗೆ ಈತನನ್ನು ಎಬ್ಬಿಸಿ, ಹಾಕಿನ್ಸನ ಗ್ರಾಮಫೋನು ತಟ್ಟೆಗಳನ್ನು ಹಾಕಿ ಕೇಳಿಸಿ, ಹೀಗೆ ನುಡಿಸುವುದನ್ನು ಕಲಿ ಎಂದು ಬೋಧಿಸುತ್ತಿದ್ದಳಂತೆ. ಈತನು ತಟ್ಟೆಗಳನ್ನು ವಿನಯದಿಂದ ಕೇಳಿದನು. ಆದರೆ ತನ್ನ ನಾದವನ್ನು ಬದಲಾಯಿಸಲಿಲ್ಲ. ಕೆಲವೇ ತಿಂಗಳುಗಳಲ್ಲಿ ಆ ಗೋಷ್ಠಿಯನ್ನು ಬಿಟ್ಟನು. ಎರಡು ವರ್ಷಗಳ ಮೇಲೆ, ೧೯೩೬ರ ನವೆಂಬರಿನಲ್ಲಿ, ಕೌಂಟ್ ಬೇಸಿಯೊಡನೆ ಆತನ ಮೊದಲ ಮುದ್ರಿಕೆಗಳು ಹೊರಬಂದಾಗ ಅದೇ ತೆಳುವಾದ ನಾದವು ದೇಶದ ತರುಣರಿಗೆ ಹೊಸ ಮಾರ್ಗವಾಯಿತು.

ಈತನ ವಿಷಯದಲ್ಲಿ ಇನ್ನೊಂದು ಸಂಗತಿಯು ನಮಗೆ ಆಪ್ತವಾಗತಕ್ಕದ್ದು. ಯಾವ ಹಾಡನ್ನು ನುಡಿಸುವುದಾದರೂ ಅದರ ಸಾಹಿತ್ಯವು ತನಗೆ ತಿಳಿದಿರಬೇಕೆಂದು ಆತನು ಹೇಳುತ್ತಿದ್ದನು. ಮಾತಿಲ್ಲದ ವಾದ್ಯಕ್ಕೆ ಮಾತಿನ ಅರ್ಥವೇಕೆ ಎಂದು ಕೇಳಬಹುದು. ವೀಣೆಯನ್ನು ಕಲಿಸುವ ನಮ್ಮ ಗುರುಗಳು ಮೊದಲು ಕೃತಿಯನ್ನು ಬಾಯಲ್ಲಿ ಹಾಡು ಎಂದು ಶಿಷ್ಯರನ್ನು ನಿರ್ಬಂಧಿಸುವುದೇಕೋ ಅದಕ್ಕಾಗಿಯೇ ಇದು. ಸಾಹಿತ್ಯವನ್ನರಿತವನು ಉಸಿರನ್ನು ಎಲ್ಲಿ ನಿಲ್ಲಿಸಬೇಕೋ ಅಲ್ಲಿ ನಿಲ್ಲಿಸುತ್ತಾನೆ. ೧೯೩೭ರಿಂದ ಬಿಲಿ ಹಾಲಿಡೇ ಎಂಬ ಗಾಯಕಿಯೊಡನೆ ಆತನು ನುಡಿಸಿದ ಮುದ್ರಿಕೆಗಳನ್ನು ಕೇಳಿದರೆ, ಹಾಡುವವಳು ಯಾರು, ನುಡಿಸುವವನು ಯಾರು ಎಂಬ ಭೇದವು ಒಮ್ಮೊಮ್ಮೆ ಮರೆತುಹೋಗುತ್ತದೆ. ಆಕೆಯು ಈತನನ್ನು ಪ್ರೆಸ್ ಎಂದೂ, ಈತನು ಆಕೆಯನ್ನು ಲೇಡಿ ಡೇ ಎಂದೂ ಕರೆದರು. ಲೋಕವೂ ಅವೇ ಹೆಸರುಗಳನ್ನು ಉಳಿಸಿಕೊಂಡಿತು.

ಯುದ್ಧಕಾಲದಲ್ಲಿ, ೧೯೪೪ರಲ್ಲಿ, ಯಂಗನನ್ನು ಬಲವಂತವಾಗಿ ಸೈನ್ಯಕ್ಕೆ ಸೇರಿಸಿಕೊಂಡರು. ಮಾದಕ ಪದಾರ್ಥಗಳನ್ನು ಇಟ್ಟುಕೊಂಡ ಅಪರಾಧಕ್ಕಾಗಿ ಮರುವರ್ಷ ಸೈನಿಕ ನ್ಯಾಯಾಲಯವು ಆತನನ್ನು ಸೆರೆಗೆ ಕಳುಹಿಸಿತು. ಬಿಡುಗಡೆಯಾಗಿ ಬಂದೊಡನೆ ಆ ಸೆರೆಮನೆಯ ಹೆಸರಿನಲ್ಲಿಯೇ ಒಂದು ಬ್ಲೂಸನ್ನು ನುಡಿಸಿ ಮುದ್ರಿಸಿದನು. ೧೯೫೭ರ ಡಿಸೆಂಬರ್ ೮ರಂದು ದೂರದರ್ಶನದ ಒಂದು ಕಾರ್ಯಕ್ರಮದಲ್ಲಿ ಬಿಲಿ ಹಾಲಿಡೇಯೊಡನೆ ಮತ್ತೆ ಕಾಣಿಸಿಕೊಂಡಾಗ ಇಬ್ಬರ ದೇಹವೂ ಜರ್ಜರಿತವಾಗಿತ್ತು. ತನ್ನ ಸರದಿ ಬಂದಾಗ ಆತನು ಎದ್ದು ನಿಂತು ಕೇವಲ ಒಂದೇ ಆವರ್ತವನ್ನು, ಆ ೪೮ ಎಣಿಕೆಗಳನ್ನು, ಬಹು ಕಡಮೆ ಸ್ವರಗಳಿಂದ ನುಡಿಸಿ ನಿಲ್ಲಿಸಿದನು. ಆಕೆಯು ತಲೆಯಾಡಿಸುತ್ತ ಆತನನ್ನೇ ನೋಡುತ್ತಿದ್ದುದನ್ನು ಇಂದಿಗೂ ಚಿತ್ರದಲ್ಲಿ ಕಾಣಬಹುದು. ಅವರಿಬ್ಬರೂ ೧೯೫೯ರಲ್ಲಿ, ನಾಲ್ಕು ತಿಂಗಳ ಅಂತರದಲ್ಲಿ, ತೀರಿಕೊಂಡರು. ಆ ಒಂದು ಆವರ್ತವನ್ನು ಕೇಳಿದವರು ಸಂಗೀತವನ್ನು ಸ್ವರಗಳ ಸಂಖ್ಯೆಯಿಂದ ಅಳೆಯಲಾರರು.

ಚಾರ್ಲಿ ಪಾರ್ಕರನು ಕನ್ಸಾಸ್ ಸಿಟಿಯಲ್ಲಿ ಬೆಳೆದ ಹುಡುಗ. ನುಡಿಸಿದ್ದು ಚಿಕ್ಕ ಸ್ಯಾಕ್ಸೋಫೋನು. ೧೯೩೬ರಲ್ಲಿ, ಇನ್ನೂ ಹದಿನಾರು ತುಂಬುವ ವಯಸ್ಸಿನಲ್ಲಿ, ಹಿರಿಯರ ಗೋಷ್ಠಿಯೊಂದರಲ್ಲಿ ನುಡಿಸಲು ಹೋಗಿ ತಾಳಗೆಟ್ಟನು. ಡ್ರಮ್ ಬಾರಿಸುತ್ತಿದ್ದ ಜೋ ಜೋನ್ಸನು ತನ್ನ ಕಂಚಿನ ತಾಳವೊಂದನ್ನು ಕಳಚಿ ನೆಲಕ್ಕೆ ಎಸೆದನು. ಸಭೆ ನಕ್ಕಿತು, ಹುಡುಗನು ಹೊರಗೆ ನಡೆದನು. ಮರುವರ್ಷದ ಬೇಸಗೆಯಲ್ಲಿ ಬೆಟ್ಟದ ಸೀಮೆಯೊಂದರಲ್ಲಿ ಕೆಲಸಕ್ಕೆ ಹೋದಾಗ ಅವನು ತನ್ನ ಸಂಗಡ ಲೆಸ್ಟರ್ ಯಂಗನ ಮುದ್ರಿಕೆಗಳನ್ನು ಒಯ್ದು, ಅವುಗಳಲ್ಲಿನ ವಾದನವನ್ನು ಸ್ವರ ಬಿಡದೆ ಕಂಠಸ್ಥಮಾಡಿದನು. ನಮ್ಮ ಮಹಾಭಾರತದ ಏಕಲವ್ಯನು ದ್ರೋಣನ ಮಣ್ಣಿನ ಪ್ರತಿಮೆಯ ಮುಂದೆ ಕಲಿತಂತೆ ಈತನು ತಿರುಗುವ ತಟ್ಟೆಯ ಮುಂದೆ ಕಲಿತನು. ಯಂಗನಿಗೆ ಹಾಕಿನ್ಸನ ತಟ್ಟೆಗಳು ಬಂಧನವಾಗಿದ್ದವು. ಪಾರ್ಕರನಿಗೆ ಯಂಗನ ತಟ್ಟೆಗಳು ಗುರುಕುಲವಾದವು. ತಟ್ಟೆಯ ದೋಷವೂ ಅಲ್ಲ, ಗುಣವೂ ಅಲ್ಲ. ಒಬ್ಬರ ಒತ್ತಾಯದಿಂದ ಕೇಳುವುದಕ್ಕೂ ಸ್ವಂತ ಹಸಿವೆಯಿಂದ ಕೇಳುವುದಕ್ಕೂ ಇರುವ ಅಂತರ ಅದು. ಮಕ್ಕಳಿಗೆ ಪಾಠ ಹೇಳುವವರು ಇದನ್ನು ನೆನಪಿನಲ್ಲಿಡತಕ್ಕದ್ದು.

ಕಂಠಸ್ಥಮಾಡಿದ ಪಾರ್ಕರನು ಅನುಕರಣದಲ್ಲಿ ನಿಲ್ಲಲಿಲ್ಲ. ೧೯೪೫ರ ನವೆಂಬರ್ ೨೬ರಂದು ಮುದ್ರಿಸಿದ ಕೋ-ಕೋ ಎಂಬುದು ಚೆರೊಕಿ ಎಂಬ ಜನಪ್ರಿಯ ಹಾಡಿನ ಸ್ವರಾನುಕ್ರಮದ ಮೇಲೆ ಕಟ್ಟಿದ್ದು. ನಮ್ಮಲ್ಲಿ ಹಳೆಯ ಮಟ್ಟಿಗೆ ಹೊಸ ಸಾಹಿತ್ಯವನ್ನು ಹೊಂದಿಸುವುದುಂಟು. ಇವರು ಹಳೆಯ ತಳಹದಿಯನ್ನು ಇಟ್ಟುಕೊಂಡು ಮಟ್ಟನ್ನೇ ಹೊಸದಾಗಿ ರಚಿಸಿದರು. ಅದರ ನಡೆಯು ನಿಮಿಷಕ್ಕೆ ಸುಮಾರು ೩೦೦ ಎಣಿಕೆ. ಎಣಿಕೆಗೆ ಎರಡು ಸ್ವರದಂತೆ ಸೆಕೆಂಡಿಗೆ ಹತ್ತು ಸ್ವರಗಳಾದರೂ ಅವು ಒಂದಕ್ಕೊಂದು ಅಂಟಿಕೊಂಡು ಮುದ್ದೆಯಾಗುವುದಿಲ್ಲ. ಮುತ್ತಿನಂತೆ ಬೇರೆಬೇರೆಯಾಗಿಯೇ ಕೇಳುತ್ತವೆ. ವೇಗವನ್ನು ಮೆಚ್ಚದವರು ೧೯೪೭ರ ಅಕ್ಟೋಬರ್ ೨೮ರಂದು ಆತನು ನುಡಿಸಿದ ಎಂಬ್ರೇಸಬಲ್ ಯು ಎಂಬ ವಿಳಂಬ ಗೀತವನ್ನು ಕೇಳಲಿ. ಅದನ್ನು ಅದೇ ದಿನ ಎರಡು ಸಲ ಮುದ್ರಿಸಿದರು. ಎರಡೂ ಉಳಿದಿವೆ. ಹಾಡು ಒಂದೇ, ಸಹವಾದಕರು ಅವರೇ. ಆದರೆ ಪಾರ್ಕರನ ಎರಡು ವಾದನಗಳೂ ಆರಂಭದಿಂದಲೇ ಬೇರೆ ದಾರಿ ಹಿಡಿಯುತ್ತವೆ. ಮನೋಧರ್ಮವೆಂದರೇನೆಂದು ಕೇಳುವ ಮಕ್ಕಳಿಗೆ ಇವೆರಡನ್ನೂ ಒಂದರ ಮೇಲೊಂದು ಕೇಳಿಸಿದರೆ ಬೇರೆ ವ್ಯಾಖ್ಯಾನ ಬೇಕಾಗದು.

ಆತನು ೧೯೫೫ರ ಮಾರ್ಚ್ ೧೨ರಂದು ಮೃತನಾದಾಗ ವಯಸ್ಸು ೩೪. ದೇಹವನ್ನು ನೋಡಿದ ವೈದ್ಯನು ಐವತ್ತು ದಾಟಿದವನೆಂದು ಎಣಿಸಿದನಂತೆ. ಹರೆಯದಲ್ಲಿಯೇ ಅಂಟಿಕೊಂಡ ಮಾದಕ ದ್ರವ್ಯದ ಚಟವು ಆತನನ್ನು ತಿಂದುಹಾಕಿತು. ಅವನಂತೆ ನುಡಿಸಬೇಕೆಂಬ ಆಸೆಯಿಂದ ಅವನ ಚಟವನ್ನು ಹಿಡಿದು ಕೆಟ್ಟ ತರುಣರು ಅನೇಕರು. ಚಟದಿಂದ ವಾದನವು ಉತ್ತಮವಾಗುವುದೆಂದು ಹೇಳುವವನು ಸುಳ್ಳುಗಾರನೆಂದು ಪಾರ್ಕರನೇ ಸ್ಪಷ್ಟವಾಗಿ ಹೇಳಿದ್ದನು. ಆದರೂ ದೋಷವನ್ನು ಅನುಕರಿಸುವುದು ಸುಲಭ, ಗುಣವನ್ನು ಅನುಕರಿಸುವುದಕ್ಕೆ ದಿನಕ್ಕೆ ಹತ್ತಾರು ಗಂಟೆಗಳ ಸಾಧನೆ ಬೇಕು. ಗೃಹಸ್ಥರು ಈ ಭಾಗವನ್ನು ಮಕ್ಕಳಿಂದ ಮರೆಮಾಡಬೇಕಾದುದಿಲ್ಲ. ಮರೆಮಾಡಿದರೆ ಅದಕ್ಕೊಂದು ಮೋಹಕತೆ ಬರುತ್ತದೆ. ಮೂವತ್ತನಾಲ್ಕೆಂಬ ಸಂಖ್ಯೆಯನ್ನು ಹೇಳಿದರೆ ಅದು ಹೋಗುತ್ತದೆ.

ಈ ಇಬ್ಬರ ಹೆಸರನ್ನು ಆ ನಿಲಯದಲ್ಲಿ ಬೇರೂರಿಸಿದವನು ಫಿಲ್ ಷಾಪ್ ಎಂಬಾತನು. ೧೯೫೧ರಲ್ಲಿ ನ್ಯೂಯಾರ್ಕಿನ ಕ್ವೀನ್ಸ್ ಭಾಗದಲ್ಲಿ ಜನಿಸಿದ ಈತನನ್ನು ಬಾಲ್ಯದಲ್ಲಿ ಮನೆಗೆ ಬಂದು ನೋಡಿಕೊಳ್ಳುತ್ತಿದ್ದವರಲ್ಲಿ ಒಬ್ಬನು ಅದೇ ಜೋ ಜೋನ್ಸ್, ಪಾರ್ಕರನ ಮುಂದೆ ತಾಳವನ್ನು ಎಸೆದವನು, ಬೇಸಿಯ ಗೋಷ್ಠಿಯಲ್ಲಿ ಯಂಗನ ಬೆನ್ನಿಗೆ ಬಾರಿಸಿದವನು. ಪರಂಪರೆಯೆಂಬುದು ಎಂಥ ಬಾಗಿಲುಗಳಿಂದ ಮನೆಯೊಳಕ್ಕೆ ಬರುತ್ತದೆ ನೋಡಿರಿ! ಷಾಪನು ೧೯೭೦ರಲ್ಲಿ ವಿದ್ಯಾರ್ಥಿಯಾಗಿ ನಿಲಯಕ್ಕೆ ಬಂದವನು ೨೦೨೧ರ ಸೆಪ್ಟೆಂಬರ್ ೭ರಂದು ಮರಣ ಹೊಂದುವವರೆಗೂ ಅದನ್ನು ಬಿಡಲಿಲ್ಲ. ೧೯೮೧ರಿಂದ ಮೊದಲ್ಗೊಂಡು ವಾರದ ಕೆಲಸದ ದಿನಗಳಲ್ಲಿ ಪ್ರತಿ ಬೆಳಿಗ್ಗೆ ಪಾರ್ಕರನೊಬ್ಬನ ಸಂಗೀತಕ್ಕೇ ಮೀಸಲಾದ ಕಾರ್ಯಕ್ರಮವನ್ನು ನಲವತ್ತು ವರ್ಷಗಳ ಪರ್ಯಂತ ನಡೆಯಿಸಿದನು. ಇದಕ್ಕೆ ಸಂಬಳವಿರಲಿಲ್ಲ.

ಆತನ ಮೇಲೆ ಆಕ್ಷೇಪಗಳೂ ಇದ್ದವು. ಸಂಗೀತಕ್ಕಿಂತ ಮಾತು ಹೆಚ್ಚೆಂಬುದು ಮುಖ್ಯವಾದದ್ದು. ಮೂರು ನಿಮಿಷದ ಒಂದು ತಟ್ಟೆಯನ್ನು ಹಾಕಿ, ಅದು ಯಾವ ದಿನ, ಯಾವ ಕೋಣೆಯಲ್ಲಿ ಮುದ್ರಿತವಾಯಿತು, ಪಿಯಾನೋ ನುಡಿಸಿದವನು ಹೆಸರಿರುವವನೋ ಬೇರೊಬ್ಬನೋ, ಮೊದಲನೆಯ ಮುದ್ರಣವು ಏಕೆ ಕೈಬಿಟ್ಟುಹೋಯಿತು ಎಂಬುದನ್ನೆಲ್ಲ ದೀರ್ಘವಾಗಿ ಚರ್ಚಿಸುವನು. ಕೇಳುವವನು ಹಾಡಿಗಾಗಿ ಬಂದವನು, ಪಾಠಾಂತರಗಳಿಗಾಗಿ ಬಂದವನಲ್ಲ ಎಂದು ಪೂರ್ವಪಕ್ಷ. ಇದಕ್ಕೆ ಸಮಾಧಾನವನ್ನು ಹೇಳಬೇಕಾದದ್ದು ನನ್ನಂಥವರ ಧರ್ಮ; ಏಕೆಂದರೆ ಕಾವ್ಯವನ್ನು ಪಾಠ ಹೇಳುವಾಗ ಅನ್ವಯ, ವಿಗ್ರಹವಾಕ್ಯ, ಪಾಠಭೇದಗಳಲ್ಲಿ ಗಂಟೆಯನ್ನು ಕಳೆದು, ರಸವೆಲ್ಲಿ ಎಂದು ಕೇಳಿಸಿಕೊಂಡವರು ನಮ್ಮಲ್ಲಿ ಬಹಳ ಮಂದಿ. ಮಲ್ಲಿನಾಥನಿಲ್ಲದೆ ಕಾಳಿದಾಸನನ್ನು ಓದಬಹುದು. ಆದರೆ ಆತನ ವ್ಯಾಖ್ಯಾನಗಳು ಕಾಳಿದಾಸನ ಮಾತುಗಳನ್ನು ಕಾಪಾಡಿಕೊಂಡು ಬಂದುದರಿಂದ ನಮ್ಮ ಓದು ಎಷ್ಟು ಸುಲಭವಾಗಿದೆ ಎಂಬುದನ್ನು ಮರೆಯಲಾಗದು. ವ್ಯಾಖ್ಯಾನಕಾರನು ಅತಿಯಾಗಿ ಮಾತಾಡಬಹುದು. ಅವನು ಇಲ್ಲವಾದಾಗ ಮೂಲವು ಹೆಸರಿಲ್ಲದ ಶಬ್ದವಾಗುತ್ತದೆ.

ಲೂಯಿ ಆರ್ಮ್‌ಸ್ಟ್ರಾಂಗನೆಂಬ ಮಹಾವಾದಕನ ಜನ್ಮದಿನದ ಸಂಗತಿಯು ಇದಕ್ಕೆ ಒಳ್ಳೆಯ ಉದಾಹರಣೆ. (ಹಿಂದೆ ಹೇಳಿದ ಪ್ರಾಧ್ಯಾಪಕನು ಬೇರೆ, ಈತನು ಬೇರೆ.) ತಾನು ಹುಟ್ಟಿದ್ದು ೧೯೦೦ನೆಯ ಇಸವಿ ಜುಲೈ ೪ ಎಂದು ಆತನು ಬಾಳಿನುದ್ದಕ್ಕೂ ಹೇಳುತ್ತಿದ್ದನು. ಆತನು ತೀರಿಕೊಂಡ ಅನೇಕ ವರ್ಷಗಳ ಮೇಲೆ ಇಗರ್ಜಿಯ ದಾಖಲೆಯು ದೊರೆತು ನಿಜವಾದ ದಿನವು ೧೯೦೧ರ ಆಗಸ್ಟ್ ೪ ಎಂದು ತಿಳಿಯಿತು. ನಮ್ಮ ಹಳ್ಳಿಯ ಶಾಲೆಗಳಲ್ಲಿ ಕೆರೆ ಕೋಡಿಬಿದ್ದ ವರ್ಷ ಎಂದೋ, ದೊಡ್ಡ ಜಾತ್ರೆಯ ಮಾರನೆಯ ತಿಂಗಳು ಎಂದೋ ತಂದೆಯು ಹೇಳಿದ್ದನ್ನು ಕೇಳಿ ಉಪಾಧ್ಯಾಯರು ಲೆಕ್ಕಹಾಕಿ ದಾಖಲೆ ಪುಸ್ತಕದಲ್ಲಿ ಒಂದು ದಿನಾಂಕವನ್ನು ಬರೆದುದನ್ನು ಬಲ್ಲವರಿಗೆ ಇದರಲ್ಲಿ ಆಶ್ಚರ್ಯವಿಲ್ಲ. ನಿಲಯದವರು ಮಾಡಿದ ತೀರ್ಪು ಸೊಗಸಾದದ್ದು: ಆತನು ನಂಬಿದ ದಿನದಲ್ಲಿಯೂ ನಿಜವಾದ ದಿನದಲ್ಲಿಯೂ ಎರಡು ಸಲ ಉತ್ಸವವನ್ನು ಆಚರಿಸುತ್ತಾರೆ!

ಷಾಪನು ಮಾಡಿದ ಇನ್ನೊಂದು ಕಾರ್ಯವನ್ನು ಹೇಳದೆ ಮುಂದುವರಿಯಲಾರೆ. ಡೀನ್ ಬೆನೆಡೆಟ್ಟಿ ಎಂಬ ಸ್ಯಾಕ್ಸೋಫೋನು ವಾದಕನು ೧೯೪೭, ೧೯೪೮ನೆಯ ವರ್ಷಗಳಲ್ಲಿ ಪಾರ್ಕರನು ನುಡಿಸುತ್ತಿದ್ದ ಸ್ಥಳಗಳಿಗೆ ಮುದ್ರಣ ಯಂತ್ರವನ್ನು ಹೊತ್ತುಕೊಂಡು ಹೋಗುತ್ತಿದ್ದನು. ತಟ್ಟೆಗಳಿಗೂ ಕಾಗದದ ಪಟ್ಟಿಗಳಿಗೂ ಹಣ ಸಾಲದು. ಆದುದರಿಂದ ಪಾರ್ಕರನು ನುಡಿಸತೊಡಗಿದಾಗ ಯಂತ್ರವನ್ನು ನಡೆಯಿಸಿ, ಅವನು ನಿಲ್ಲಿಸಿದೊಡನೆ ತಾನೂ ನಿಲ್ಲಿಸಿಬಿಡುವನು. ಬೆನೆಡೆಟ್ಟಿಯು ೧೯೫೭ರಲ್ಲಿ ಇಟಲಿ ದೇಶದಲ್ಲಿ ತೀರಿಕೊಂಡನು. ಆ ತುಣುಕುಗಳು ಇದ್ದವೇ, ನಾಶವಾದವೇ ಎಂಬುದು ಬಹುಕಾಲ ದಂತಕಥೆಯಾಗಿತ್ತು. ಕೊನೆಗೆ ಅವು ದೊರೆತು, ಸವೆದ ತಟ್ಟೆಗಳನ್ನೂ ಹರಿದ ಪಟ್ಟಿಗಳನ್ನೂ ಷಾಪನು ಜೀರ್ಣೋದ್ಧಾರ ಮಾಡಿ, ದಿನವಾರಗಳನ್ನು ಗೊತ್ತುಹಚ್ಚಿ ೧೯೯೦ರಲ್ಲಿ ಹೊರಬರುವಂತೆ ಮಾಡಿದನು. ನುಡಿಸಿದವನು, ಮುದ್ರಿಸಿದವನು, ಹೊಲಿದು ಜೋಡಿಸಿದವನು ಈ ಮೂವರೂ ಇಂದಿಲ್ಲ. ಆ ರಾತ್ರಿಗಳು ಉಳಿದುಕೊಂಡಿವೆ.

ಈ ವಾದ್ಯವೇನೂ ನಮಗೆ ಪರಕೀಯವಲ್ಲ. ಬೆಲ್ಜಿಯಂ ದೇಶದ ಅಡಾಲ್ಫ್ ಸ್ಯಾಕ್ಸನು ನಿರ್ಮಿಸಿ ೧೮೪೬ರಲ್ಲಿ ಹಕ್ಕುಪತ್ರವನ್ನು ಪಡೆದ ಸ್ಯಾಕ್ಸೋಫೋನನ್ನು ಕದ್ರಿ ಗೋಪಾಲನಾಥರು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಕಂಡು ಮರುಳಾಗಿ, ಬಹುವರ್ಷಗಳ ತಪಸ್ಸಿನಿಂದ ಗಮಕಗಳನ್ನು ಅದರಲ್ಲಿ ಪಳಗಿಸಿದರು. ನಾಗಸ್ವರದ ಮನೆತನದಲ್ಲಿ ಹುಟ್ಟಿದ ಅವರು ಪಾರ್ಕರನಂತೆಯೇ ಚಿಕ್ಕ ಸ್ಯಾಕ್ಸೋಫೋನನ್ನು ಆರಿಸಿಕೊಂಡವರು. ೧೯೮೦ರ ಮುಂಬಯಿಯ ಜಾಜ್ ಉತ್ಸವದಲ್ಲಿ ನುಡಿಸಿದರು. ೧೯೯೪ರಲ್ಲಿ ಲಂಡನ್ನಿನ ಪ್ರಸಿದ್ಧ ಪ್ರಾಮೆನೇಡ್ ಕಚೇರಿಗೆ ಹೋದರು. ೨೦೦೮ರಲ್ಲಿ ಭಾರತೀಯ ಮೂಲದ ಅಮೇರಿಕಾ ವಾದಕ ರುದ್ರೇಶ್ ಮಹಾಂತಪ್ಪನೊಡನೆ ಅವರು ನುಡಿಸಿದ ಕಿನ್ಸ್‌ಮೆನ್ ಎಂಬ ಮುದ್ರಿಕೆ ಹೊರಬಂದಿತು. ಅದೇ ಮಹಾಂತಪ್ಪನು ೨೦೧೫ರಲ್ಲಿ ಪಾರ್ಕರನ ಗೌರವಾರ್ಥವಾಗಿ ಬೇರೊಂದನ್ನು ಹೊರತಂದನು. ಗೋಪಾಲನಾಥರು ೨೦೧೯ರ ಅಕ್ಟೋಬರ್ ೧೧ರಂದು ದಿವಂಗತರಾದರು. ಅವರ ದೇವಾಲಯದ ಕಚೇರಿಗಳನ್ನು, ಮದುವೆಯ ಮನೆಗಳ ಕಚೇರಿಗಳನ್ನು ಎಷ್ಟು ಮಂದಿ ಮುದ್ರಿಸಿಕೊಂಡಿರಲಿಕ್ಕಿಲ್ಲ! ಅವುಗಳ ಮೇಲೆ ಊರು, ದಿನಾಂಕ, ಪಿಟೀಲು ಮೃದಂಗದವರ ಹೆಸರುಗಳನ್ನು ಬರೆದಿಟ್ಟವರು ಎಷ್ಟು ಮಂದಿ?

ಇಲ್ಲಿಯೇ ಈ ವಿಷಯವು ನಮ್ಮ ಮನೆಯ ಹೊಸಲಿಗೆ ಬಂದು ನಿಲ್ಲುತ್ತದೆ. ಪರಿಚಿತರ ಮನೆಯೊಂದರಲ್ಲಿ ಹಿಂದೊಮ್ಮೆ ಹಳೆಯ ಕ್ಯಾಸೆಟ್ಟೊಂದನ್ನು ಹಾಕಿದರು. ವೃದ್ಧೆಯೊಬ್ಬಳು ಸೋಬಾನೆಯನ್ನು ಹಾಡುತ್ತಿದ್ದಳು. ನಡುವೆ ಮಗುವೊಂದು ಅತ್ತಿತು. ಆಕೆಯು ಹಾಡನ್ನು ನಿಲ್ಲಿಸದೆ ಅದನ್ನು ಸಮಾಧಾನಪಡಿಸಿದ್ದೂ ಕೇಳಿಸಿತು. ಹಾಡಿದವಳು ತಾಯಿಯ ತಾಯಿಯೋ, ತಂದೆಯ ಸೋದರತ್ತೆಯೋ ಎಂಬುದನ್ನು ಹೇಳಬಲ್ಲವರು ಆ ಮನೆಯಲ್ಲಿ ಯಾರೂ ಉಳಿದಿರಲಿಲ್ಲ. ಅತ್ತ ಮಗುವು ಅಲ್ಲಿ ಕುಳಿತಿದ್ದವರಲ್ಲಿಯೇ ಒಬ್ಬನಾಗಿರಬಹುದು. ಧ್ವನಿಯು ಸ್ವ‌ಲ್ಪವೂ ಮಾಸಿರಲಿಲ್ಲ. ಕಳೆದುಹೋದದ್ದು ಒಂದು ಚೀಟಿಯ ಮೇಲೆ ಬರೆಯಬಹುದಾಗಿದ್ದ ಎರಡು ಶಬ್ದಗಳು.

ಆದುದರಿಂದ ವಾಚಕರಲ್ಲಿ ನನ್ನ ವಿಜ್ಞಾಪನೆಯು ಎರಡು ಬಗೆಯದು. ಮೊದಲನೆಯದು ಕೇಳುವುದನ್ನು ಕುರಿತದ್ದು. ಮೂರು ದಿನವೂ ಕಿವಿಗೊಟ್ಟು ಕೂಡಬೇಕಾಗಿಲ್ಲ. ಮನೆಗೆಲಸವಿದೆ, ನಿದ್ರೆಯೂ ಬೇಕು. ಆಗಸ್ಟ್ ೨೭ರ ಬೆಳಗಿನ ಒಂಬತ್ತೂವರೆಯಿಂದ ೩೦ರ ಬೆಳಗಿನ ಒಂಬತ್ತೂವರೆಯ ಒಳಗೆ ದಿನಕ್ಕೆ ಅರ್ಧ ಗಂಟೆಯನ್ನು ಇದಕ್ಕಾಗಿ ತೆಗೆದಿಡಿರಿ. ಬೆರಳಿನಿಂದ ನಾಲ್ಕು ನಾಲ್ಕಾಗಿ ಎಣಿಸುತ್ತ ಆವರ್ತವು ಎಲ್ಲಿ ಮರಳಿ ಬರುತ್ತದೆಂದು ಹಿಡಿಯಲು ಯತ್ನಿಸಿರಿ; ಆ ಎಣಿಕೆಯ ಕೆಲಸವನ್ನು ಮಕ್ಕಳಿಗೆ ಒಪ್ಪಿಸಿದರೆ ಅವರು ನಿಮಗಿಂತ ಬೇಗ ಹಿಡಿಯುವರು. ಒಂದೇ ಹಾಡನ್ನು ಮೂರು ಸಲ ಕೇಳುವುದು ಮೂರು ಹಾಡುಗಳನ್ನು ಒಂದೊಂದು ಸಲ ಕೇಳುವುದಕ್ಕಿಂತ ಮೇಲು. ಆಮೇಲೂ ಹಿಡಿಸದಿದ್ದರೆ ಬಿಟ್ಟುಬಿಡಿರಿ; ಕೇಳಿ ಬಿಡುವುದಕ್ಕೂ ಕೇಳದೆ ಜರೆಯುವುದಕ್ಕೂ ಬಹಳ ಅಂತರವುಂಟು.

ಎರಡನೆಯದು ಉಳಿಸುವುದನ್ನು ಕುರಿತದ್ದು. ಮನೆಯಲ್ಲಿರುವ ಹಳೆಯ ಮುದ್ರಿಕೆಗಳನ್ನು ಹೊರತೆಗೆಯಿರಿ. ಹಿರಿಯರು ಇರುವಾಗಲೇ ಅವರೆದುರು ಅವುಗಳನ್ನು ಹಾಕಿ, ಇದು ಯಾರ ಧ್ವನಿ, ಯಾವ ಊರು, ಯಾವ ಸಂದರ್ಭ ಎಂದು ಕೇಳಿ ಬರೆದುಕೊಳ್ಳಿರಿ. ಅವರು ಒಂದು ಪ್ರಶ್ನೆಗೆ ಹತ್ತು ಕಥೆಗಳನ್ನು ಹೇಳಿದರೆ ಬೇಸರಪಡದೆ ಅವನ್ನೂ ಬರೆಯಿರಿ. ಹಾಡು ಬಲ್ಲ ಅಜ್ಜಿಯರಿದ್ದರೆ ಅವರ ಹಾಡನ್ನು ಈಗಲೇ ಮುದ್ರಿಸಿಕೊಂಡು, ಹಾಡಿದವರ ಹೆಸರನ್ನೂ ಕಲಿಸಿದವರ ಹೆಸರನ್ನೂ ಅವರ ಬಾಯಿಂದಲೇ ಮೊದಲಿಗೆ ಹೇಳಿಸಿರಿ. ನಲವತ್ತು ವರ್ಷ ಸಂಬಳವಿಲ್ಲದೆ ಒಬ್ಬನು ದೂರದ ಊರಿನಲ್ಲಿ ಮಾಡಿದ ಕೆಲಸದ ನಲವತ್ತನೆಯ ಒಂದು ಪಾಲನ್ನು ಪ್ರತಿಯೊಂದು ಮನೆಯವರೂ ತಮ್ಮ ಮನೆಯ ಮಟ್ಟಿಗೆ ಮಾಡಿದರೆ, ನಮ್ಮ ಮೊಮ್ಮಕ್ಕಳು ಕ್ಯಾಸೆಟ್ಟಿನಲ್ಲಿ ಕೇಳುವ ಧ್ವನಿಗೆ ನಮಸ್ಕರಿಸುವಾಗ ಯಾರಿಗೆ ನಮಸ್ಕರಿಸುತ್ತಿದ್ದೇವೆಂಬುದನ್ನು ಅರಿತಿರುತ್ತಾರೆ. ಬರುವ ಭಾನುವಾರವೇ ಆರಂಭಿಸಬಹುದಾದ ಕೆಲಸವಿದು.